ನಾನೂರು ಗ್ರಾಂ

ಮಾರ್ಚ್ ಹನ್ನೊಂದು, ಬುಧವಾರ, ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಆಸ್ಪತ್ರೆ ಯಜಮಾನರ ಮಗ ತನ್ನ ಜೀವನದ ಮೊದಲ ಟವೆಲ್ ಒಗೆದ.

ಒಗೆದ ಎಂದರೆ ಕೊಂಚ ಉದಾರವಾಗಿ ಹೇಳಿದಂತೆ. ಟವೆಲ್ ಆಗಲೇ ಒಗೆದು, ಇಸ್ತ್ರಿಯಾಗಿ, ಕಪಾಟಿನಲ್ಲಿ ಮಡಚಿ ಕೂತಿತ್ತು. ಹುಡುಗ ಕೊಳೆ ಮುಟ್ಟಬಾರದೆಂದು ಅದನ್ನೇ ತೆಗೆಸಿ, ಬಕೆಟ್ ನೀರಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟಿದ್ದರು. ಕೈಗಳಲ್ಲಿ ಮೊಣಕೈವರೆಗೆ ಬರುವ ದಪ್ಪ ಗ್ಲೌಸ್, ಹೊಚ್ಚ ಹೊಸದು. ಲಾಂಡ್ರಿಯ ಹೆಂಗಸರು ಅಂಥದ್ದಕ್ಕಾಗಿ ಎರಡು ವರ್ಷದಿಂದ ಅರ್ಜಿ ಕೊಡುತ್ತಿದ್ದರು. ಅದು ಎಲ್ಲೂ ಸಿಗುತ್ತಿಲ್ಲ ಎಂದು ಆಫೀಸಿನವರು ಹೇಳುತ್ತಿದ್ದರು. ಸಿಗುತ್ತದೆ ಎಂದು ಆವತ್ತು ಗೊತ್ತಾಯಿತು.

"ಹಿಂಡು, ಹಿಂಡು. ಮುಖ ಮೇಲೆ. ಕಷ್ಟ ಕಾಣ್ಬೇಕು, ಆದ್ರೆ ನಗು ಇರ್ಲಿ," ಎಂದರು ಹುಡುಗನನ್ನು ಕರೆತಂದಿದ್ದ ಪ್ರೊಫೈಲ್ ಮೇಷ್ಟ್ರು.

ಫೋಟೋದವನು ಮಂಡಿಯೂರಿದ. ಹುಡುಗ ಹಿಂಡಿದ. ನೀರು ಅವನ ಬೂಟಿನ ಮೇಲೇ ಸುರಿಯಿತು.

"ತಮ್ಮಾ, ಹಂಗೆ ಹಿಡ್ಕೊಂಡ್ರೆ ಅದು ನಿನ್ನನ್ನೇ ಹಿಂಡುತ್ತೆ," ಎಂದಳು ಇಸ್ತ್ರಿ ಯಂತ್ರದ ಹತ್ತಿರ ನಿಂತಿದ್ದ ದೊಡ್ಡಮ್ಮ. ಅರವತ್ತು ದಾಟಿದ ಹೆಂಗಸು. ಲಾಂಡ್ರಿಗೆಲ್ಲ ಅವಳು ದೊಡ್ಡಮ್ಮನೇ. ಹಬೆಯಲ್ಲಿ ಬೆಂದು ಅವಳ ಎಡಗೈಯ ಮೂರು ಬೆರಳುಗಳಲ್ಲಿ ರೇಖೆಗಳೇ ಉಳಿದಿಲ್ಲ. ಹಾಜರಿಯ ಯಂತ್ರ ಅವಳ ಹೆಬ್ಬೆರಳನ್ನು ಮಾತ್ರ ಗುರುತು ಹಿಡಿಯುತ್ತದೆ.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಡುಗನೂ ನಕ್ಕ. ಪಾಪ, ಅವನು ಕೆಟ್ಟವನಲ್ಲ. ಯಾರು ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಲ್ಲುವ ಹುಡುಗ.

ಹನ್ನೆರಡು ನಿಮಿಷಕ್ಕೆ ಕಾರ್ಯಕ್ರಮ ಮುಗಿಯಿತು. ಲಾಂಡ್ರಿಯ ಮೇಸ್ತ್ರಿ ಮೊಹರು ಒತ್ತಿ ಕೊಟ್ಟ ಪ್ರಮಾಣಪತ್ರದಲ್ಲಿ ಅದು ನಲವತ್ತು ಗಂಟೆಯಾಯಿತು. "ಆಸ್ಪತ್ರೆಯ ತಳಮಟ್ಟದ ಶ್ರಮಿಕರೊಂದಿಗೆ ನಲವತ್ತು ಗಂಟೆಗಳ ಸೇವೆ." ತಳಮಟ್ಟ ಎನ್ನುವುದು ಮಾತ್ರ ನಿಜ. ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ.

ಹನ್ನೆರಡು ನಿಮಿಷವೆಂದು ಗಡಿಯಾರ ನೋಡಿ ಲೆಕ್ಕ ಇಟ್ಟುಕೊಂಡವಳು ತಕ್ಕಡಿ. ಬಾಗಿಲ ಪಕ್ಕ ತೂಕದ ಯಂತ್ರದ ಬಳಿ ನಿಂತು, ವಾರ್ಡುಗಳಿಂದ ಇಳಿದು ಬರುವ ಕೊಳೆ ಬಟ್ಟೆಯ ಗಂಟುಗಳ ತೂಕ ಬರೆಯುವ ಹುಡುಗಿಗೆ ಹೆಂಗಸರು ಇಟ್ಟ ಹೆಸರು ಅದು. ಹದಿನೆಂಟು ವರ್ಷ. ಬೆಳಿಗ್ಗೆ ಐದರಿಂದ ಎಂಟರವರೆಗೆ ಲಾಂಡ್ರಿ, ಒಂಬತ್ತರಿಂದ ಓದು. ಹನ್ನೊಂದು ವರ್ಷದಿಂದ ಅಲ್ಲೇ ದುಡಿಯುತ್ತಿರುವ ಅಮ್ಮ ಮಡಚುವ ಮೇಜಿನಲ್ಲಿ, ಮಗಳು ಬಾಗಿಲಲ್ಲಿ. ನಡುವೆ ಮೂರು ಒಗೆಯುವ ಯಂತ್ರಗಳು. ಅವುಗಳಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತದೆ. ಯಾವುದು ಎನ್ನುವುದು ಮಾತ್ರ ಬದಲಾಗುತ್ತದೆ.

ತೂಕದ ಯಂತ್ರಕ್ಕೂ ಒಂದು ಕಾಯಿಲೆ ಇತ್ತು. ಅದರ ತಟ್ಟೆ ಹಿಂದೆ ಯಾವಾಗಲೋ ಬಿರುಕು ಬಿಟ್ಟಾಗ ವೆಲ್ಡಿಂಗಿನವನು ಕಬ್ಬಿಣದ ಪಟ್ಟಿಯೊಂದನ್ನು ಕೂರಿಸಿ ಹೋಗಿದ್ದ. ಸೊನ್ನೆಗೆ ತರುವ ಗುಂಡಿ ಅದಕ್ಕೂ ಮೊದಲೇ ಸತ್ತಿತ್ತು. ಹಾಗಾಗಿ ಮೇಲೆ ಏನೂ ಇಡದಿದ್ದರೂ ಯಂತ್ರ ನಾನೂರು ಗ್ರಾಂ ತೋರಿಸುತ್ತಿತ್ತು. ದೊಡ್ಡಮ್ಮ ಅದನ್ನು ಯಂತ್ರದ ಪಾಲು ಎನ್ನುತ್ತಿದ್ದಳು. ಲಾಂಡ್ರಿಯಲ್ಲಿ ಯಾರು ತೂಕ ಹಾಕಿದರೂ ಆ ನಾನೂರು ಗ್ರಾಮನ್ನು ಬಾಯಲ್ಲೇ ಕಳೆಯುತ್ತಾರೆ. ಹೊಸದಾಗಿ ಸೇರಿದವರಿಗೆ ಮೊದಲ ದಿನ ಕಲಿಸುವ ಪಾಠ ಅದೊಂದೇ. ಮೇಲಿನ ಮಹಡಿಗಳಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕೇಳಿದವರೂ ಇರಲಿಲ್ಲ.

ಹೋದ ವರ್ಷದ ಜೂನ್‌ನಲ್ಲಿ ಕೊಳೆ ಬಟ್ಟೆಯ ಕಡೆ ಆಳು ಸಾಲದೆ ಕರೆಸಿದ್ದ ದಿನ, ಏಳನೇ ವಾರ್ಡಿನ ಗಂಟು ಬಿಚ್ಚುವಾಗ ಅಮ್ಮನ ಹೆಬ್ಬೆರಳ ಬುಡಕ್ಕೆ ಸೂಜಿ ಇಳಿಯಿತು. ಯಾರಿಗೋ ಚುಚ್ಚಿದ ಸೂಜಿ. ಹಾಸಿಗೆ ಬಟ್ಟೆಯಲ್ಲೇ ಬಿಟ್ಟು ಸುತ್ತಿ ಕಳಿಸಿದ್ದರು. ಯಾರ ರಕ್ತವೆಂದು ವಾರ್ಡಿನವರು ಹೇಳಲಿಲ್ಲ. "ಕೆಳಗಿನವ್ರು ನೋಡ್ಕೊಂಡು ಕೈ ಹಾಕ್ಬೇಕಪ್ಪ," ಎಂದರು. ಎಚ್‌ಐವಿ ಅಂಟದಿರಲೆಂದು ಇಪ್ಪತ್ತೆಂಟು ದಿನ ಮಾತ್ರೆ. ಅಷ್ಟೂ ದಿನ ಅಮ್ಮ ಉಂಡದ್ದನ್ನು ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮತ್ತೆ ಮೇಜಿಗೆ ಬಂದು ನಿಲ್ಲುತ್ತಿದ್ದಳು. ಆರು ವಾರಕ್ಕೆ ಒಂದು ರಕ್ತಪರೀಕ್ಷೆ, ಮೂರು ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಕೊನೆಗೆ ಏನೂ ಇಲ್ಲ ಎಂದು ಬಂತು. ಆ ಆರು ತಿಂಗಳು ಅಮ್ಮ ತನ್ನ ತಟ್ಟೆ ಬೇರೆ ಇಟ್ಟುಕೊಂಡಳು, ಸೋಪು ಬೇರೆ ಇಟ್ಟುಕೊಂಡಳು, ಮನೆಯಲ್ಲಿ ಚಾಕು ಮುಟ್ಟಲಿಲ್ಲ. ತಟ್ಟೆಯಿಂದ ಏನೂ ಹರಡುವುದಿಲ್ಲ ಎಂದು ಅಷ್ಟೊಂದು ಡಾಕ್ಟರುಗಳಿರುವ ಕಟ್ಟಡದಲ್ಲಿ ಒಬ್ಬರೂ ಅವಳಿಗೆ ಹೇಳಲಿಲ್ಲ. ಮಗಳು ಪುಸ್ತಕದಲ್ಲಿ ಓದಿ ಹೇಳಿದಳು. ಅಮ್ಮ ನಂಬಲಿಲ್ಲ.

ಮಗಳು ಪ್ರೋಗ್ರಾಂ ಬರೆದದ್ದು ಆಗ. ಶಾಲೆಯ ಕಂಪ್ಯೂಟರ್ ಕೋಣೆ ಅವಳ ತರಗತಿಗೆ ಸಿಗುತ್ತಿದ್ದುದು ವಾರಕ್ಕೆ ಎರಡು ಸಲ, ಸಲಕ್ಕೆ ನಲವತ್ತು ನಿಮಿಷ. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತಿದ್ದಳು, ತಪ್ಪನ್ನು ಕಾಗದದ ಮೇಲೇ ಹುಡುಕುತ್ತಿದ್ದಳು, ಆಮೇಲೆ ಟೈಪ್ ಮಾಡುತ್ತಿದ್ದಳು. ಹತ್ತು ವಾರ ಹಿಡಿಯಿತು. ಪರದೆ ಒಡೆದ ತನ್ನ ಮೊಬೈಲಿನಲ್ಲಿ ಅದನ್ನು ಕೂರಿಸಿದಳು. ಗಂಟು ಬಂದ ಗಂಟೆ, ವಾರ್ಡು, ತೂಕ, ಅದರಲ್ಲಿ ಸಿಕ್ಕ ಚೂಪು ವಸ್ತು. ಇಷ್ಟೇ ಬರೆಯಬೇಕು. ಯಾವ ವಾರ್ಡಿನ ಗಂಟು ಯಾವ ಹೊತ್ತಿನಲ್ಲಿ ಅಪಾಯ ಎನ್ನುವುದನ್ನು ಪ್ರೋಗ್ರಾಂ ಹೇಳುತ್ತಿತ್ತು. ಅಂಥ ಗಂಟನ್ನು ಕೈಯಿಂದ ಬಿಚ್ಚದೆ, ಮೇಜಿನ ಮೇಲೆ ಕೊಡವಿ, ಇಕ್ಕಳದಿಂದ ಹೆಕ್ಕುತ್ತಿದ್ದರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಲಾಂಡ್ರಿಯಲ್ಲಿ ಒಂಬತ್ತು ಕೈಗೆ ಚುಚ್ಚಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಎರಡಕ್ಕೆ.

ಹೆಕ್ಕಿದ್ದನ್ನೆಲ್ಲ ಅಮ್ಮ ಒಂದು ಹಾಲಿನ ಪುಡಿಯ ಡಬ್ಬಿಗೆ ಹಾಕುತ್ತಿದ್ದಳು. ಕೇಳಿದರೆ, "ಇರ್ಲಿ," ಎನ್ನುತ್ತಿದ್ದಳು.

ಫೆಬ್ರವರಿ ಇಪ್ಪತ್ತಕ್ಕೆ ತಕ್ಕಡಿ ಕಂಪ್ಯೂಟರ್ ಕಾಲೇಜಿನ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತಳು. ಆ ಕಾಲೇಜಿನಲ್ಲಿ ಪರೀಕ್ಷೆಗೆ ಎಂಬತ್ತು ಅಂಕ, ಪಠ್ಯೇತರ ಚಟುವಟಿಕೆಗೆ ಇಪ್ಪತ್ತು. ಪರೀಕ್ಷೆಯದ್ದು ಅವಳ ಬಳಿ ಇತ್ತು. ಇಪ್ಪತ್ತರ ಜಾಗದಲ್ಲಿ ಅವಳು, "ದಿನಕ್ಕೆ ಮೂರು ಗಂಟೆ ಆಸ್ಪತ್ರೆ ಲಾಂಡ್ರಿ, ಎರಡು ವರ್ಷ" ಎಂದು ಬರೆದಿದ್ದಳು.

ಗುಮಾಸ್ತ ಕನ್ನಡಕ ಮೇಲೆತ್ತಿದ. "ಇದು ಕೆಲಸ ಅಲ್ವೇನಮ್ಮ?"

"ಹೌದು ಸಾರ್."

"ಕೆಲಸ ಬರೆಯೋ ಹಾಗಿಲ್ಲ. ಚಟುವಟಿಕೆ ಬರೀಬೇಕು. ಇಲ್ನೋಡು, ಪಟ್ಟಿ ಇದೆ. ರೋಬೋಟ್, ಚೆಸ್, ಪಿಯಾನೊ, ಬೇಸಿಗೆ ಶಿಬಿರ, ನಾಯಕತ್ವ, ಸಮಾಜ ಸೇವೆ."

"ಬಟ್ಟೆ ಒಗೆಯೋದು ಸಮಾಜ ಸೇವೆ ಆಗಲ್ವಾ?"

"ಸಂಬಳ ತಗೊಂಡ್ಯಲ್ಲ, ಆಗಲ್ಲ."

ತಕ್ಕಡಿಗೆ ವ್ಯಾಖ್ಯಾನ ಅರ್ಥವಾಯಿತು. ಕಾಸು ತೆಗೆದುಕೊಂಡು ಮಾಡಿದರೆ ಕೆಲಸ. ಕಾಸು ಕೊಟ್ಟು ಮಾಡಿದರೆ ಚಟುವಟಿಕೆ.

"ಒಂದು ಪ್ರೋಗ್ರಾಂ ಬರ್ದಿದೀನಿ ಸಾರ್. ಲಾಂಡ್ರಿಗೆ."

"ಹಾ, ಅದು ನಡೆಯುತ್ತೆ. ಸಂಸ್ಥೆಯ ಪತ್ರ ತಾ, ಮೊಹರು ಒತ್ತಿರ್ಬೇಕು. ಏಪ್ರಿಲ್ ಹದಿನೆಂಟಕ್ಕೆ ಇಲ್ಲೇ ಪ್ರದರ್ಶನ. ಪತ್ರ ಇಲ್ದೆ ಮೇಜು ಕೊಡ್ತೀನಿ, ಅಂಕ ಕೊಡಕ್ಕಾಗಲ್ಲ. ನಾನು ಮಾಡಿದ ನಿಯಮ ಅಲ್ಲಮ್ಮ."

ಸಾಲಿನಲ್ಲಿ ಅವಳ ಹಿಂದೆ ಆರು ದಪ್ಪ ಫೈಲು ಹಿಡಿದು ನಿಂತಿದ್ದವರು ಪ್ರೊಫೈಲ್ ಮೇಷ್ಟ್ರು. ಕಂಪ್ಯೂಟರ್ ಕಾಲೇಜು ಸೇರಬೇಕಾದ ಶ್ರೀಮಂತರ ಮಕ್ಕಳಿಗೆ ಆಸಕ್ತಿ, ಕರುಣೆ, ನಾಯಕತ್ವ ಮುಂತಾದವನ್ನು ಹೊಂದಿಸಿಕೊಡುವುದು ಅವರ ವೃತ್ತಿ. ಆರು ಮಕ್ಕಳಿಗೆ ಆರು ಬಗೆಯ ಕರುಣೆ. ಒಬ್ಬರದ್ದು ಇನ್ನೊಬ್ಬರದ್ದನ್ನು ಹೋಲದಂತೆ ನೋಡಿಕೊಳ್ಳುವುದೇ ಕಸುಬು.

"ಏನು ಪುಟ್ಟಾ ಆ ಪ್ರೋಗ್ರಾಂ? ಕಳಿಸು, ನೋಡೋಣ. ನಿನ್ನಂಥ ಮಕ್ಳಿಗೆ ಸಹಾಯ ಮಾಡೋದಂದ್ರೆ ನಂಗೆ ಜೀವ. ಶಿಫಾರಸು ಬರೆದುಕೊಡ್ತೀನಿ," ಎಂದರು.

ಸಂಜೆಯೇ ಕಳಿಸಿದಳು. ಪ್ರೋಗ್ರಾಂ, ದಾಖಲೆ, ಎಲ್ಲ. ಬುದ್ಧಿವಂತಳು, ಆದರೆ ಆವತ್ತಿನವರೆಗೆ ಅವಳನ್ನು ಪುಟ್ಟಾ ಎಂದು ಕರೆದ ಓದಿದವರು ಯಾರೂ ಇರಲಿಲ್ಲ.

ಹತ್ತೊಂಬತ್ತು ದಿನಕ್ಕೆ ಮೇಷ್ಟ್ರು ಉತ್ತರ ತಂದರು. ಜೊತೆಗೆ ಫೋಟೋದವನನ್ನೂ ಯಜಮಾನರ ಮಗನನ್ನೂ ತಂದರು.

ಟವೆಲ್ ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಮಡಚುವ ಮೇಜಿನ ಮೇಲೆ ಟ್ಯಾಬ್ ಇಟ್ಟು ಹೆಂಗಸರನ್ನು ಕರೆದರು. "ನಿಮಗೋಸ್ಕರ ಈ ತಮ್ಮ ಒಂದು ಆ್ಯಪ್ ಮಾಡಿದ್ದಾನೆ, ನೋಡಿ."

ಆ್ಯಪ್ ಹೆಸರಿನಲ್ಲಿ ಸ್ಮಾರ್ಟ್ ಇತ್ತು, ಕೇರ್ ಇತ್ತು. ಬಣ್ಣ ಹೊಸದು. ಒಳಗಿದ್ದ ಕಾಲಂಗಳು ತಕ್ಕಡಿಯವು. ಗಂಟೆ, ವಾರ್ಡು, ತೂಕ. ಅದೇ ಅನುಕ್ರಮ. ತೂಕದಿಂದ ತಾನೇ ತಾನಾಗಿ ನಾನೂರು ಗ್ರಾಂ ಕಳೆಯುವ ಅವಳ ಸಾಲು ಕೂಡ ಹಾಗೇ ಕೂತಿತ್ತು. ಅದು ಏಕಿದೆ ಎಂದು ತಿಳಿಯದಿದ್ದವರು ಅದನ್ನು ಮುಟ್ಟಲು ಹೆದರಿ ಬಿಟ್ಟಿದ್ದರು. ಆದರೆ ನಾಲ್ಕನೆಯ ಕಾಲಂ ಇರಲಿಲ್ಲ.

"ಸೂಜಿ ಎಲ್ಲಿ ಸಾರ್?"

"ಯಾವ ಸೂಜಿ?"

"ಸಿಕ್ಕ ಸೂಜಿ ಬರೆಯೋ ಜಾಗ. ಪ್ರೋಗ್ರಾಂ ಬರೆದಿದ್ದೇ ಅದಕ್ಕೆ."

"ಅದಾ?" ಮೇಷ್ಟ್ರು ಧ್ವನಿ ತಗ್ಗಿಸಿದರು. "ಅದು ಸ್ವಲ್ಪ ನೆಗೆಟಿವ್ ಆಗುತ್ತೆ ಪುಟ್ಟಾ. ಆಸ್ಪತ್ರೆ ಯಾರದ್ದು ಅಂತ ನಿಂಗೇ ಗೊತ್ತಲ್ಲ. ಅದ್ರ ಬದ್ಲು ಚೆನ್ನಾಗಿರೋದು ಹಾಕಿದೀವಿ, ನೋಡು."

ಅವರು ಒತ್ತಿದರು. ಪರದೆಯ ಮೇಲೆ ನೀರಿನ ಹನಿಯೊಂದು ಹಲ್ಲು ಕಿರಿದು ಕುಣಿಯಿತು. ನೀರು ಕುಡಿಯಿರಿ, ಅಮ್ಮಾ! ಎಂದು ಹೇಳಿತು. ಅರ್ಧ ಗಂಟೆಗೊಮ್ಮೆ ಹೇಳುತ್ತದಂತೆ.

ದೊಡ್ಡಮ್ಮ ಹನಿಯನ್ನೇ ನೋಡಿದಳು. "ಕುಡೀತೀವಪ್ಪ. ಕುಡಿದ್ಮೇಲೆ ಹೋಗೋಕೆ ನಮಗೆ ಬಿಟ್ಟಿರೋ ಕಕ್ಕಸು ಎರಡನೇ ಮಹಡೀಲಿದೆ. ಹೋಗ್ಬಂದ್ರೆ ಮೇಸ್ತ್ರಿ ಅರ್ಧ ಗಂಟೆ ಸಂಬಳ ಮುರೀತಾನೆ. ಅದಕ್ಕೂ ಒಂದು ಗಂಟೆ ಬಾರಿಸೋ ಹಂಗೆ ಮಾಡಿದೀರಾ?"

ಮೇಸ್ತ್ರಿ ಕೆಮ್ಮಿದ. ಹುಡುಗ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಫೈಲಿನಿಂದ ಒಂದು ಕಾಗದ ತೆಗೆದು ತಕ್ಕಡಿಯ ಮುಂದಿಟ್ಟರು. ಫಲಾನುಭವಿಯ ಪತ್ರ. ಕೆಳಗೆ ಸಹಿಗೆ ಜಾಗ.

"ಇದಕ್ಕೊಂದು ಸಹಿ ಹಾಕು. ನಿನ್ನ ಪತ್ರಕ್ಕೂ ಮೇಸ್ತ್ರಿ ಇಲ್ಲೇ ಮೊಹರು ಒತ್ತಿ ಕೊಡ್ತಾರೆ. ಅದ್ರಲ್ಲಿ ನಿನ್ನನ್ನ ಸ್ವಯಂಸೇವಕಿ ಅಂತ ಸೇರಿಸಿದೀನಿ. ಇಪ್ಪತ್ತಕ್ಕೆ ನಾಲ್ಕು ಅಂಕ ಗ್ಯಾರಂಟಿ. ನಿನ್ನ ಪರೀಕ್ಷೆ ಅಂಕಕ್ಕೆ ಆ ನಾಲ್ಕು ಸೇರಿದ್ರೆ ಸೀಟು ನಿಂದೇ."

ಲೆಕ್ಕ ಸರಿಯಾಗಿತ್ತು. ತಕ್ಕಡಿ ಮನಸ್ಸಿನಲ್ಲಿ ಎರಡು ಸಲ ಕೂಡಿ ನೋಡಿದಳು. ಆಮೇಲೆ ಕಾಗದ ಎತ್ತಿಕೊಂಡು ಎಲ್ಲರಿಗೂ ಕೇಳುವಂತೆ ಓದಿದಳು.

"'ನಾನು ಬಡ ಲಾಂಡ್ರಿ ಕೆಲಸದವಳು. ಈ ಅಣ್ಣ ನಮ್ಮ ಕತ್ತಲೆಯ ಕೋಣೆಗೆ ಬರುವ ಮೊದಲು ಕಂಪ್ಯೂಟರ್ ಎಂದರೇನೆಂದು ನನಗೆ ತಿಳಿದಿರಲಿಲ್ಲ. ಇಂದು ನಾನು ಧೈರ್ಯದಿಂದ ಗುಂಡಿ ಒತ್ತಬಲ್ಲೆ.'"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಣ್ಣನಂತೆ! ನಿನಗಿಂತ ಆರು ತಿಂಗಳು ಚಿಕ್ಕವನು ಕಣೇ ಅವನು," ಎಂದಳು ಒಬ್ಬಳು.

ಅಮ್ಮ ನಗಲಿಲ್ಲ. ಅವಳ ಕಣ್ಣು ಮೊಹರಿನ ಮೇಲಿತ್ತು.

"ಸಹಿ ಹಾಕಲ್ಲ ಸಾರ್," ಎಂದಳು ತಕ್ಕಡಿ.

"ಯಾಕೆ?"

"ಇದ್ರಲ್ಲಿ ನಾನು ದಡ್ಡಿ ಅಂತ ಇದೆ. ನಾನು ದಡ್ಡಿ ಅಲ್ಲ."

"ಅಯ್ಯೋ, ಅದು ಬರೆಯೋ ಶೈಲಿ ಪುಟ್ಟಾ."

"ಮತ್ತೆ ಸೂಜಿ ಇಲ್ಲ."

ಮೇಷ್ಟ್ರು ಕಾಗದ ವಾಪಸು ಫೈಲಿಗೆ ಹಾಕಿದರು. ಮೊಹರನ್ನು ಮೇಸ್ತ್ರಿ ಜೇಬಿಗೆ ಹಾಕಿಕೊಂಡ. ಆಮೇಲೆ ಅವಳನ್ನು ಯಾರೂ ಪುಟ್ಟಾ ಎನ್ನಲಿಲ್ಲ.

ಮರುದಿನ ಅಮ್ಮನನ್ನು ಮಡಚುವ ಮೇಜಿನಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸುವಲ್ಲಿಗೆ ಹಾಕಿದರು. ಏಳನೇ ವಾರ್ಡಿನ ಗಂಟುಗಳು ಇನ್ನು ಅವಳವು. "ಮೇಲಿಂದ ಬಂತು ಅಕ್ಕಾ. ನಾನೇನು ಮಾಡ್ಲಿ?" ಎಂದ ಮೇಸ್ತ್ರಿ. ಅವನು ಯಾವಾಗಲೂ ಅಷ್ಟೇ. ಒಳ್ಳೆಯದು ಅವನೇ ಮಾಡುತ್ತಾನೆ, ಕೆಟ್ಟದ್ದು ಮೇಲಿನಿಂದ ಬರುತ್ತದೆ.

ವಿಂಗಡಿಸುವುದೆಂದರೆ ಇದು: ಬಾಗಿ, ಗಂಟು ಬಿಚ್ಚಿ, ರಕ್ತದ್ದು ಬೇರೆ, ಮಲದ್ದು ಬೇರೆ, ಬರೀ ಬೆವರಿನದ್ದು ಬೇರೆ. ಇಪ್ಪತ್ತು ಕಿಲೋದ ಗಂಟು, ಒಂದರ ಹಿಂದೆ ಒಂದು. ಉಸಿರನ್ನು ಬಾಯಿಂದ ಎಳೆದುಕೊಳ್ಳಬೇಕು. ಆದರೆ ಬಾಯಿ ಅಗಲಿಸಬಾರದು. ಅಮ್ಮ ಐದು ವರ್ಷ ಆ ಕೆಲಸ ಮಾಡಿ, ಸೊಂಟ ಹಾಳಾದ ಮೇಲೆ ಮಡಚುವ ಮೇಜಿಗೆ ಬಂದವಳು.

ಮನೆಯಲ್ಲಿ ಅವಳು ಕೂರಲಾಗದೆ ಗೋಡೆಗೊರಗಿ ನಿಂತೇ ಬೈದಳು.

"ಒಂದು ಸಹಿ ತಾನೇ? ಒಂದೇ ಒಂದು ಗೀಟು! ದಡ್ಡಿ ಅಂತ ಬರೆದ್ರೆ ದಡ್ಡಿ ಆಗ್ಬಿಡ್ತೀಯಾ? ನನ್ನನ್ನ ದಿನಾ ಅಂತಾರೆ, ನಾನು ಸತ್ತೋದ್ನಾ?"

"ನನ್ನ ಪ್ರೋಗ್ರಾಂ ಅಮ್ಮ ಅದು."

"ಇಟ್ಕೋ! ಮಡಚಿ ಕಪಾಟಲ್ಲಿ ಇಟ್ಕೋ! ಸೀಟು ಬೇಕೋ, ರೋಷ ಬೇಕೋ ನಿಂಗೆ? ರೋಷಕ್ಕೆ ಕಾಲೇಜಿಲ್ಲ ಕಣೇ. ನಾಳೆ ಹೋಗಿ ಹಾಕ್ಬಿಡು."

"ಆಯ್ತು," ಎಂದಳು ಮಗಳು. ಎದ್ದು, ಅಮ್ಮನ ಸೊಂಟಕ್ಕೆ ಒತ್ತಲು ನೀರು ಕಾಯಿಸಿದಳು.

ಮರುದಿನ ಬೆಳಿಗ್ಗೆ ಏಳೂವರೆಗೆ ಏಳನೇ ವಾರ್ಡಿನ ಗಂಟು ಬಂತು. ತಕ್ಕಡಿ ಮೊಬೈಲ್ ನೋಡಿ, "ಅಮ್ಮ, ಇಕ್ಕಳ," ಎಂದಳು. ಅಮ್ಮ ಗಂಟನ್ನು ಮೇಜಿನ ಮೇಲೆ ಕೊಡವಿದಳು. ಮೂರು ಸೂಜಿ, ಒಂದು ಬ್ಲೇಡು. ಒಂದು ಸೂಜಿ ಸಿರಿಂಜಿನ ಸಮೇತ ಇತ್ತು, ಒಳಗೆ ರಕ್ತ ಹಸಿಯಾಗಿತ್ತು. ಒಂದೊಂದನ್ನೂ ಇಕ್ಕಳದಿಂದ ಎತ್ತಿ ಡಬ್ಬಿಗೆ ಹಾಕಿದಳು. ಡಬ್ಬಿ ತುಂಬಿತ್ತು. ಮುಚ್ಚಳ ಒತ್ತಿ ಹಾಕಬೇಕಾಯಿತು.

ಹಾಕಿ, ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು.

"ಲೇ, ಅವರ ಆ್ಯಪಿನಲ್ಲಿ ಇದನ್ನ ಎಲ್ಲಿ ಬರೀತಾರೆ?"

"ಬರೆಯೋ ಜಾಗ ತೆಗೆದಿದಾರೆ ಅಮ್ಮ."

"ಅಂದ್ರೆ ಇದು ಸಿಗ್ಲಿಲ್ಲ ಅಂತ ಆಗುತ್ತೆ?"

"ಹೌದು."

"ನಂಗೆ ಚುಚ್ಚಿದ್ದು?"

"ಅದೂ ಇಲ್ಲ."

ಅಮ್ಮ ಹೆಬ್ಬೆರಳ ಬುಡ ಉಜ್ಜಿಕೊಂಡಳು. ಆರು ತಿಂಗಳು ಬೇರೆ ತಟ್ಟೆಯಲ್ಲಿ ಉಂಡವಳು ಅವಳು.

"ಸಹಿ ಹಾಕ್ಬೇಡ," ಎಂದಳು. "ಅವ್ರು ಪ್ರದರ್ಶನದ ದಿನ ನಮ್ಮನ್ನೂ ಕಾಲೇಜಿಗೆ ಕರ್ಕೊಂಡು ಹೋಗ್ತಾರಂತಲ್ಲ, ಫಲಾನುಭವಿಗಳು ಅಂತ. ನಾನು ಬರ್ತೀನಿ ಅಂದ್ಬಿಡು."

ಅಮ್ಮ ದಾರಿಗೆ ಬಂದಳೆಂದುಕೊಂಡು ಮೇಷ್ಟ್ರು ಒಪ್ಪಿದರು. ಏಪ್ರಿಲ್ ಹದಿನೆಂಟಕ್ಕೆ ಆಸ್ಪತ್ರೆಯ ವ್ಯಾನು ಅಮ್ಮನನ್ನೂ ದೊಡ್ಡಮ್ಮನನ್ನೂ ಕರೆದೊಯ್ದಿತು. ಇಬ್ಬರಿಗೂ ಆ್ಯಪಿನ ಗುರುತು ಅಚ್ಚು ಹಾಕಿದ ನೀಲಿ ಏಪ್ರನ್. ಸಂಜೆ ವಾಪಸು ಕೊಡಬೇಕೆಂದು ಹೇಳಿ ಕೊಟ್ಟಿದ್ದರು. ಅಮ್ಮನ ಕೈಯಲ್ಲಿ ಬಟ್ಟೆಯ ಚೀಲ. "ಊಟದ ಡಬ್ಬಿ," ಎಂದಳು. ಯಾರೂ ತೆಗೆದು ನೋಡಲಿಲ್ಲ.

ಕಾಲೇಜಿನ ಸಭಾಂಗಣದಲ್ಲಿ ಇನ್ನೂರಕ್ಕೂ ಹೆಚ್ಚು ಮೇಜುಗಳು. ಇಷ್ಟೊಂದು ಒಳ್ಳೆಯತನ ಒಂದೇ ಸೂರಿನಡಿ ಸೇರಿದ್ದನ್ನು ತಕ್ಕಡಿ ಎಂದೂ ನೋಡಿರಲಿಲ್ಲ. ಒಬ್ಬಳು ಅನಾಥ ಮಕ್ಕಳಿಗೆ ಚೆಸ್ ಕಲಿಸುವ ರೋಬೋಟ್ ಮಾಡಿದ್ದಳು. ಅನಾಥ ಮಕ್ಕಳು ಫೋಟೋದಲ್ಲಿದ್ದರು. ಒಬ್ಬ ಡ್ರೋನಿನಿಂದ ಗಿಡಕ್ಕೆ ನೀರು ಹಾಕುತ್ತಿದ್ದ. ಗಿಡ ಕುಂಡದಲ್ಲಿತ್ತು, ಕುಂಡ ನಲ್ಲಿಯ ಕೆಳಗಿತ್ತು. ಇನ್ನೊಬ್ಬ ವಯಸ್ಸಾದವರ ಒಂಟಿತನ ನೀಗಿಸುವ ಯಂತ್ರ ಮಾಡಿದ್ದ. ಅವನ ಅಜ್ಜಿ ಕುರ್ಚಿ ಸಿಗದೆ ಪಕ್ಕದಲ್ಲಿ ನಿಂತಿದ್ದಳು. ತಕ್ಕಡಿಯ ಮೇಜು ಇನ್ನೂರ ಹನ್ನೆರಡನೆಯದು, 'ಇತರೆ' ವಿಭಾಗ, ಶೌಚಾಲಯದ ಬಾಗಿಲ ಪಕ್ಕ. ಅವಳ ಮೇಜಿನ ಮುಂದೆ ನಿಂತವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಒಳಗೆ ಯಾರಾದ್ರೂ ಇದಾರಾ?"

ಅವಳು ಮೇಜು ಬಿಟ್ಟು ಅಮ್ಮನ ಪಕ್ಕಕ್ಕೆ ಹೋಗಿ ನಿಂತಳು.

ಯಜಮಾನರ ಮಗನ ಮೇಜು ಸಭಾಂಗಣದ ನಡುಮಧ್ಯೆ. ಟವೆಲ್ ಹಿಂಡುವ ಅವನ ಚಿತ್ರ ಆಳೆತ್ತರ. ಮುಂದೆ ಹೊಳೆಯುವ ಹೊಸ ತೂಕದ ಯಂತ್ರ, ಅದಕ್ಕೆ ತಂತಿಯಿಂದ ಜೋಡಿಸಿದ ದೊಡ್ಡ ಪರದೆ. ಯಂತ್ರ ತನ್ನದೇ ಅಂಕಿ ತೋರಿಸುವ ಪುಟ್ಟ ಕಿಟಕಿಯ ಮೇಲೆ ಆ್ಯಪಿನ ಗುರುತಿನ ಸ್ಟಿಕ್ಕರ್ ಅಂಟಿಸಿದ್ದರು. ಚೆಂದಕ್ಕೆ.

ಮೂವರು ತೀರ್ಪುಗಾರರು ಬಂದರು. ಅವರಲ್ಲೊಬ್ಬರು ಭೌತಶಾಸ್ತ್ರ ಪ್ರಯೋಗಾಲಯದ ಮೇಡಂ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡ ವಯಸ್ಸಾದವರು. ಹುಡುಗ ಬಾಯಿಪಾಠ ಒಪ್ಪಿಸಿದ. ಮೇಡಂ ಪ್ರೋಗ್ರಾಮಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಒಂದು ಕಡೆ ನಿಂತರು.

"ಪ್ರತಿ ತೂಕದಿಂದ್ಲೂ ನಾನೂರು ಗ್ರಾಂ ಕಳೀತಿದೀಯಲ್ಲ. ಯಾಕೆ?"

ಹುಡುಗ ಮೇಷ್ಟ್ರ ಕಡೆ ನೋಡಿದ. "ಅದು… ಅದು ಅಲ್ಗಾರಿದಂ ಮೇಡಂ. ಡೇಟಾದಿಂದ ತಾನೇ ಕಲಿತದ್ದು."

"ಏನು ಕಲೀತು?"

"ನಾನೂರು ಗ್ರಾಂ ಕಳೀಬೇಕು ಅಂತ."

"ಮೊದಲು ಫಲಾನುಭವಿಗಳ ಮಾತು ಕೇಳೋಣ ಮೇಡಂ," ಎಂದು ಮೇಷ್ಟ್ರು ಮೈಕನ್ನು ಅಮ್ಮನ ಕೈಗೆ ಕೊಟ್ಟರು. ಹೇಳಬೇಕಾದದ್ದನ್ನು ವ್ಯಾನಿನಲ್ಲೇ ಮೂರು ಸಲ ಹೇಳಿಕೊಟ್ಟಿದ್ದರು. ಈ ಆ್ಯಪಿನಿಂದ ನನ್ನ ಜೀವನ ಬದಲಾಯಿತು. ಏಳೇ ಏಳು ಸೆಕೆಂಡಿನ ಮಾತು.

ಅಮ್ಮ ಮೈಕನ್ನು ಇಸ್ತ್ರಿಪೆಟ್ಟಿಗೆಯ ಹಿಡಿಯಂತೆ ಗಟ್ಟಿಯಾಗಿ ಹಿಡಿದಳು.

"ನಾನು ಹನ್ನೊಂದು ವರ್ಷದಿಂದ ಒಗೀತಿದೀನಿ. ಈ ತಮ್ಮ ಹನ್ನೆರಡು ನಿಮಿಷ ಒಗೆದ. ಚೆನ್ನಾಗೇ ಒಗೆದ, ಒಗೆದಿದ್ದನ್ನೇ ಒಗೆದ. ಅವನ ಮೇಲೆ ನಂಗೆ ಸಿಟ್ಟಿಲ್ಲ. ಈ ಆ್ಯಪ್ ಬರೆದೋಳು ಇವಳು, ನನ್ನ ಮಗಳು. ಬರೆದಿದ್ದು ಯಾಕೆ ಅನ್ನೋದನ್ನ ಇವ್ರು ಅದ್ರಿಂದ ತೆಗೆದ್ರು. ಅದನ್ನ ನಾನು ತಂದಿದೀನಿ."

ಮೈಕನ್ನು ದೊಡ್ಡಮ್ಮನಿಗೆ ಕೊಟ್ಟಳು. ಚೀಲದಿಂದ ಹಾಲಿನ ಪುಡಿಯ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಹೊಳೆಯುವ ತಟ್ಟೆಯ ಮೇಲೆ ಇಟ್ಟಳು. ಒಳಗೆ ಸೂಜಿ, ಬ್ಲೇಡು, ಮುರಿದ ಸಿರಿಂಜು, ಆಪರೇಷನ್ನಿನ ಕತ್ತರಿ, ಚಿಮಟಗಳು ಹನ್ನೊಂದು. ತುಕ್ಕಿನದ್ದೂ ರಕ್ತದ್ದೂ ಆದ ಕಂದು ಬಣ್ಣ. ಮೊದಲ ಸಾಲಿನಲ್ಲಿದ್ದ ತಾಯಂದಿರು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು.

"ಅಕ್ಕಾ, ಏನ್ರೀ ಇದು? ತೆಗೀರಿ! ಇದು ಪ್ರಾಜೆಕ್ಟಿನ ಭಾಗ ಅಲ್ಲ," ಎಂದರು ಮೇಷ್ಟ್ರು.

"ಹೌದು. ನೀವೇ ತೆಗೆದ್ರಿ," ಎಂದಳು ತಕ್ಕಡಿ.

ದೊಡ್ಡ ಪರದೆಯ ಮೇಲೆ ಆ್ಯಪ್ ತನ್ನ ತೂಕ ತೋರಿಸಿತು. ಒಂಬೈನೂರ ನಲವತ್ತು ಗ್ರಾಂ. ಪಕ್ಕದಲ್ಲಿ ನೀರಿನ ಹನಿ ಕುಣಿಯಿತು.

"ಸುಳ್ಳು ತೂಕ," ಎಂದಳು ತಕ್ಕಡಿ. "ಮೇಡಂ, ನಮ್ಮ ಲಾಂಡ್ರಿಯ ಯಂತ್ರದ ತಟ್ಟೆಗೆ ಕಬ್ಬಿಣದ ಪಟ್ಟಿ ಬೆಸೆದಿದಾರೆ. ಖಾಲಿ ಇದ್ರೂ ನಾನೂರು ಗ್ರಾಂ ತೋರಿಸುತ್ತೆ. ಅದಕ್ಕೆ ನಾನು ಕಳೀತಿದ್ದೆ. ಈ ಯಂತ್ರ ಹೊಸದು, ಇದಕ್ಕೆ ಪಟ್ಟಿ ಇಲ್ಲ. ಇವ್ರು ಸುಮ್ಸುಮ್ನೆ ಕಳೀತಿದಾರೆ. ಆ ಸ್ಟಿಕ್ಕರ್ ತೆಗೆದು ನೋಡಿ."

ಮೇಡಂ ಹುಡುಗನ ಕಡೆ ತಿರುಗಿದರು. ಹುಡುಗನ ಮುಖ ಕೆಂಪಾಗಿತ್ತು. "ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಮೇಡಂ," ಎಂದ. ಆ ದಿನ ಅವನು ಬಾಯಿಪಾಠ ಮಾಡದೆ ಹೇಳಿದ ಮಾತು ಅದೊಂದೇ.

ಸ್ಟಿಕ್ಕರ್ ತೆಗೆದವಳು ದೊಡ್ಡಮ್ಮ. ಯಾರ ಅಪ್ಪಣೆಗೂ ಕಾಯಲಿಲ್ಲ. ರೇಖೆ ಉಳಿದಿದ್ದ ಹೆಬ್ಬೆರಳಿನ ಉಗುರನ್ನು ಅಂಚಿಗೆ ಹಾಕಿ, ಇಸ್ತ್ರಿಯ ಕಲೆ ಕೆರೆಯುವಂತೆ ಕೆರೆದಳು. ಗುರುತು ಸುಲಿದು ಬಂತು. ಅದನ್ನು ಉಂಡೆ ಮಾಡಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹೇಗೂ ಸಂಜೆ ವಾಪಸು ಕೊಡಬೇಕಲ್ಲ.

ಮೇಷ್ಟ್ರು ಡಬ್ಬಿಯ ಕಡೆ ಕೈ ಚಾಚಿದರು. ಚಾಚಿದ ಕೈ ಸೂಜಿಗಳನ್ನು ನೋಡಿ ಅಲ್ಲೇ ನಿಂತಿತು. ಅವರ ಬಳಿ ಗ್ಲೌಸ್ ಇರಲಿಲ್ಲ.

"ಯಾರಾದ್ರೂ ತೆಗೀರಿ ಇದನ್ನ!"

"ತೆಗೆಯಲ್ಲ," ಎಂದಳು ಅಮ್ಮ, ಡಬ್ಬಿಯ ಅಂಚನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು. ಯಂತ್ರದ ಅಂಕಿಗಳು ಮೇಲೆ ಕೆಳಗೆ ಓಡಿದವು.

"ಅಮ್ಮ, ಕೈ ಬಿಡು," ಎಂದಳು ಮಗಳು. "ತೂಕ ತಪ್ಪುತ್ತೆ."

ಅಮ್ಮ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದಳು. ದೊಡ್ಡಮ್ಮನೂ ಸರಿದಳು. ಮೇಡಂ ಕನ್ನಡಕ ಹಾಕಿಕೊಂಡು ಬಗ್ಗಿದರು, ಅಂಕ ಬರೆಯುವ 'ಇತರೆ' ವಿಭಾಗದ ಹಾಳೆ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ತಕ್ಕಡಿಯ ಕಡೆ ತಿರುಗಿ, "ಓದಮ್ಮಾ," ಎಂದರು.

ಅಂಕಿ ಒಮ್ಮೆ ನಡುಗಿ ನಿಂತಿತು. ತಕ್ಕಡಿ ಏನನ್ನೂ ಕಳೆಯದೆ ಓದಿದಳು.

ಡಬ್ಬಿ ಸೇರಿ, ಒಂದು ಕಿಲೋ ಮುನ್ನೂರ ನಲವತ್ತು ಗ್ರಾಂ.